ಕರೆ ಮರೆತ ಕಂಪ್ಯೂಟರು

ನಮ್ಮ ಮನೆಗೆ ಕಂಪ್ಯೂಟರು ಬಂದಾಗ ಅದಕ್ಕೆ ಸಿಕ್ಕಿದ ಜಾಗ ದೇವರ ಮನೆಯ ಪಕ್ಕದ ಗೋಡೆ. ಭಕ್ತಿಯಿಂದ ಕೊಟ್ಟ ಜಾಗವಲ್ಲ. ಮುಟ್ಟಿದರೆ ಜುಂ ಅನ್ನದ ಪ್ಲಗ್ಗು ಇಡೀ ಮನೆಯಲ್ಲಿ ಇದ್ದದ್ದು ಅಲ್ಲೊಂದೇ. ಹೀಗಾಗಿ ಬೆಳಿಗ್ಗೆ ನಾನು ದೀಪ ಹಚ್ಚಿ ಊದುಬತ್ತಿ ಹಿಡಿದು ಈಚೆ ಬಂದರೆ ಮೊದಲ ಹೊಗೆ ಅದಕ್ಕೇ ಸೋಕುತ್ತಿತ್ತು. ನನ್ನದೊಂದು ಹಳೆಯ ಸೀರೆಯ ಸೆರಗು ಕತ್ತರಿಸಿ ಅದಕ್ಕೆ ಮುಸುಕು ಹೊಲಿದಿದ್ದೆ. ಮುಸುಕು ಹಾಕಿದಾಗ ಅದು ನಮ್ಮ ಮನೆಯ ಮೂಲೆಯಲ್ಲಿ ನಾಚಿ ಕೂತ ಹೊಸ ಸೊಸೆಯ ಹಾಗೆ ಕಾಣುತ್ತಿತ್ತು.

ನಾವಿದ್ದದ್ದು ಹಳೇಬೀಡಿನಲ್ಲಿ. ಯಜಮಾನರು ಬೇಲೂರಿನ ಒಂದು ಕಚೇರಿಯಲ್ಲಿ ಗುಮಾಸ್ತರು. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವವರು. ಅವರಿಗೆ ಒಂದೇ ಒಂದು ಹುಚ್ಚು, ನಾಟಕ ಬರೆಯುವುದು. ಕುಡಿತವಿಲ್ಲ, ಇಸ್ಪೀಟಿಲ್ಲ, ನಾಟಕವೊಂದು ತಾನೇ ಎಂದು ನಾನು ಮದುವೆಯಾದ ಹೊಸತರಲ್ಲೇ ದೇವರಿಗೆ ಕೈ ಮುಗಿದು ಸುಮ್ಮನಾಗಿದ್ದೆ. ಪ್ರತಿ ವರ್ಷ ರಾಜ್ಯೋತ್ಸವಕ್ಕೆ ಊರಿನ ಗಂಡಸರು ಅವರ ನಾಟಕ ಆಡುತ್ತಿದ್ದರು. ಬರೆಯುವುದು ಅವರ ಪಾಲು, ಪ್ರತಿ ಮಾಡುವುದು ನನ್ನ ಪಾಲು.

ಪ್ರತಿ ಮಾಡುವುದೆಂದರೆ ಏನೆಂದು ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಇಡೀ ನಾಟಕವನ್ನು ಎಲ್ಲ ಪಾತ್ರಧಾರಿಗಳಿಗೂ ಬರೆದು ಕೊಡಲು ಯಾರಿಗೆ ಕೈ ಇದೆ? ಅದಕ್ಕೆ ಒಬ್ಬೊಬ್ಬರಿಗೆ ಅವರವರ ಮಾತು ಮಾತ್ರ ಬೇರೆ ಹಾಳೆಯಲ್ಲಿ ಬರೆದು ಕೊಡುತ್ತಿದ್ದೆವು. ಆದರೆ ಪ್ರತಿ ಮಾತಿಗೆ ಮುಂಚೆ, ಅದಕ್ಕಿಂತ ಮೊದಲು ಮಾತಾಡುವವನ ಕೊನೆಯ ಎರಡು ಮೂರು ಪದ ಸಣ್ಣದಾಗಿ ಬರೆದು ಕೆಳಗೆ ಗೆರೆ ಎಳೆಯಬೇಕು. ಆ ಪದಗಳು ಕಿವಿಗೆ ಬಿದ್ದ ಕೂಡಲೇ ಇವನು ಬಾಯಿ ತೆಗೆಯಬೇಕು. ಅದಕ್ಕೆ ನಮ್ಮ ಮನೆಯಲ್ಲಿ ‘ಕರೆ’ ಎಂದು ಹೆಸರು. ಬೆಳಗಿನ ಕೆಲಸ ಮುಗಿಸಿ, ಅಕ್ಕಿ ಆರಿಸಿಟ್ಟು, ಜಗಲಿಯಲ್ಲಿ ಕೂತು ನಾನು ಬರೆದ ಕರೆಗಳಿಗೆ ಲೆಕ್ಕವಿಲ್ಲ. ನವೆಂಬರಿನ ಹೊತ್ತಿಗೆ ನನ್ನ ಬಲಗೈ ಮಣಿಕಟ್ಟು ಚಪಾತಿ ಲಟ್ಟಿಸಲೂ ಒಲ್ಲೆ ಎನ್ನುತ್ತಿತ್ತು.

ಆ ವರ್ಷ ಗಂಡಸರ ಗುಂಪಿನಲ್ಲಿ ಏನೋ ಮನಸ್ತಾಪ ಬಂದು ನಾಟಕ ನಿಂತಿತು. ನಮ್ಮ ಭಜನೆ ಮಂಡಳಿಯ ಹೆಂಗಸರು, ‘ಹಾಗಾದರೆ ನಾವೇ ಆಡುತ್ತೇವೆ’ ಎಂದುಬಿಟ್ಟೆವು. ಬೇಲೂರಿನ ಕೇಬಲ್ ಟಿ.ವಿ.ಯವನೊಬ್ಬ ಕ್ಯಾಮರಾ ತಂದು ಹಿಡಿದು, ತನ್ನ ಲೋಕಲ್ ಚಾನೆಲ್ಲಿನಲ್ಲಿ ತೋರಿಸುತ್ತೇನೆಂದ. ಯಜಮಾನರು ಉಬ್ಬಿಹೋದರು. ಪಕ್ಕದ ಹುಲಿಕೆರೆಯ ಕಲ್ಯಾಣಿಯ ಮೇಲೆ ಒಂದು ಕಥೆ ಕಟ್ಟಿದರು. ನಿಜವಾಗಿ ನಡೆದದ್ದಲ್ಲ, ಅವರ ತಲೆಯಲ್ಲಿ ಹುಟ್ಟಿದ್ದು. ಒಬ್ಬ ರಾಜ ಮೆಟ್ಟಿಲುಗಳ ಕೊಳ ಕಟ್ಟಿಸುತ್ತಾನೆ. ಮಂತ್ರಿಯನ್ನು, ಶಿಲ್ಪಿಯನ್ನು, ರಾಣಿಯನ್ನು, ಎಲ್ಲರನ್ನೂ ಹೇಗಿರಬೇಕೆಂದು ಕೇಳುತ್ತಾನೆ. ಯಾರ ಹೊಲದಲ್ಲಿ ಕೊಳ ತೋಡಿದರೋ ಆ ಅಜ್ಜಿಯನ್ನು ಮಾತ್ರ ಕೊನೆಯವರೆಗೂ ಕೇಳುವುದಿಲ್ಲ. ಕೊನೆಯ ದೃಶ್ಯದಲ್ಲಿ ‘ನೀನೂ ಒಂದು ಮಾತು ಹೇಳು ತಾಯಿ’ ಎನ್ನುತ್ತಾನೆ. ಆಗ ಅಜ್ಜಿ ಒಂದು ದೊಡ್ಡ ಮಾತು ಆಡುತ್ತಾಳೆ, ನಾಟಕ ಮುಗಿಯುತ್ತದೆ.

ಪಾತ್ರ ಹಂಚುವ ದಿನ ನಮ್ಮ ಅತ್ತೆ, ಅಂದರೆ ಯಜಮಾನರ ತಾಯಿ, ಹೂಬತ್ತಿ ಹೊಸೆಯುತ್ತ ಕೂತಿದ್ದವರು ತಲೆ ಎತ್ತದೆ ಅಂದರು:

“ಆ ಮುದುಕಿ ಪಾರ್ಟು ನಂದು.”

ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ.

“ನಗ್ತೀರಾ? ನಂದು ಹುಲಿಕೆರೆ ಕಣ್ರೀ. ಆ ಕಲ್ಯಾಣಿ ಮೆಟ್ಲ ಮ್ಯಾಲೇ ಆಡಿ ಬೆಳ್ದೋಳು ನಾನು. ನಮ್ಮಣ್ಣ ನಾಟ್ಕದಾಗೆ ಬಣ್ಣ ಹಚ್ಕೊಂಡ್ರೆ, ಕನ್ನಡಿ ಹಿಡ್ಕೊಂಡು ನಿಲ್ಲೋಳು ನಾನು. ‘ಅಪ್ಪಯ್ಯ, ನಾನೂ ಒಂದು ಪಾರ್ಟು ಮಾಡ್ತೀನಿ’ ಅಂದಿದ್ಕೆ ಊಟದ ತಟ್ಟೆ ಬುಟ್ಟು ಎದ್ದೋದ್ರು ನಮ್ಮಪ್ಪ. ಕನ್ನಡಿ ಹಿಡಿದಿದ್ದು ಸಾಕು. ಒಂದ್ಸಲ ನಾನೂ ಬಣ್ಣ ಹಚ್ಕತೀನಿ.”

ಅವರು ಇಷ್ಟು ವರ್ಷದಲ್ಲಿ ನನ್ನ ಹತ್ತಿರ ಏನನ್ನೂ ಬೇಕು ಎಂದು ಕೇಳಿದವರಲ್ಲ. ಸೀರೆ ಕೊಟ್ಟರೆ ‘ಯಾಕೆ ಬೇಕಿತ್ತು’ ಎನ್ನುವವರು. ಅವರ ಬಾಯಲ್ಲಿ ‘ನಂದು’ ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು.

ನಾಟಕ ಕಲಿಸಲು ಒಪ್ಪಿಕೊಂಡವರು ಹುಡುಗಿಯರ ಸ್ಕೂಲಿನ ಒಬ್ಬ ಟೀಚರು. ಎಲ್ಲರೂ ಮೇಡಂ ಎನ್ನುತ್ತಿದ್ದೆವು. ಶಿಸ್ತಿನ ಹೆಂಗಸು, ಮನಸ್ಸು ಕೆಟ್ಟದ್ದಲ್ಲ. ಅವರು ಅತ್ತೆಯನ್ನು ಮೇಲಿಂದ ಕೆಳಗೆ ನೋಡಿ, “ಅಮ್ಮಾ, ಕೊನೇ ಮಾತು ಉದ್ದ ಇರುತ್ತಂತೆ. ಮರೆತುಬಿಟ್ರೆ ಇಡೀ ನಾಟಕ ನೀರಿಗೆ ಬಿತ್ತು. ದಸರಾ ಹೊತ್ತಿಗೆ ನೋಡೋಣ. ಆಗ್ಲಿಲ್ಲ ಅಂದ್ರೆ ಆ ಪಾತ್ರ ನಾನು ಮಾಡ್ತೀನಿ, ನೀವು ಗುಂಪಿನಲ್ಲಿ ಬಿಂದಿಗೆ ಹೊತ್ಕೊಂಡು ಹೋಗಿ,” ಎಂದರು.

“ಬಿಂದಿಗೆ ಹೊರೋದು ನಂಗೇನ್ ಹೊಸದಾ,” ಎಂದರು ಅತ್ತೆ. ಹೂಬತ್ತಿ ಹೊಸೆಯುವ ಬೆರಳು ಮಾತ್ರ ನಿಂತಿತು.

ಕೇಬಲ್ಲಿನವನು ಯಜಮಾನರಿಗೆ ಒಂದು ಮಾತು ಹೇಳಿದ್ದ. ‘ಸಾರ್, ಸಿನಿಮಾದವರ ಥರ ಸೀನು ಸೀನಾಗಿ ಟೈಪ್ ಮಾಡಿ ಕೊಡಿ, ಕ್ಯಾಮರಾ ಎಲ್ಲಿ ಇಡಬೇಕು ಗೊತ್ತಾಗತ್ತೆ’ ಅಂತ. ಅಷ್ಟು ಸಾಕಾಯಿತು. ಒಂದು ಭಾನುವಾರ ಅರಸೀಕೆರೆಗೆ ಹೋಗಿ, ಅಲ್ಲಿನ ಕಂಪ್ಯೂಟರ್ ಅಂಗಡಿಯ ಪರಿಚಯದವರ ಹತ್ತಿರ ಚಿತ್ರಕಥೆ ಬರೆಯುವ ಸಾಫ್ಟ್‌ವೇರಿನ ಸಿ.ಡಿ. ತಂದರು. ಅರಸೀಕೆರೆಗೆ ಹೋದವರು ಕೊಬ್ಬರಿ ತರದೆ ಬರುತ್ತಾರೆಯೇ? ಎರಡೂ ಒಂದೇ ಚೀಲದಲ್ಲಿ ಬಂದು ಸಿ.ಡಿ.ಯ ಡಬ್ಬಿ ಘಮ್ಮೆನ್ನುತ್ತಿತ್ತು.

“ಒಂದು ತಿಂಗಳು ಬಿಟ್ಟಿಯಂತೆ. ಆಮೇಲೆ ಬೇಕಾದ್ರೆ ಕೊಂಡ್ಕೋಬೇಕಂತೆ,” ಎಂದರು.

“ತಿಂಗ್ಳು ಇದ್ದು ಹೋಗೋ ನೆಂಟ ಅನ್ನು,” ಎಂದರು ಅತ್ತೆ.

ಯಜಮಾನರು ಕೈಕಾಲು ತೊಳೆಯುವುದರೊಳಗೆ ಅತ್ತೆ ಸಿ.ಡಿ.ಯನ್ನು ಡಬ್ಬಿಯಿಂದ ತೆಗೆದು ನೋಡಿದ್ದಾರೆ. ನಮ್ಮ ಮನೆಗೆ ಹೊಸದಾಗಿ ಏನೇ ಬರಲಿ, ಸೈಕಲ್ಲು, ಗ್ಯಾಸ್ ಒಲೆ, ಮಿಕ್ಸಿ, ಅದಕ್ಕೆ ಅತ್ತೆಯ ಕೈಯ ಅರಿಶಿನ ಕುಂಕುಮ ಬೀಳದೆ ಕೆಲಸ ಶುರುವಾಗುವಂತಿಲ್ಲ. ಇದಕ್ಕೂ ಇಟ್ಟರು. ನೀರಿನಲ್ಲಿ ಕಲಸಿ, ಬೆರಳಿನಲ್ಲಿ ಅದ್ದಿ, ಚೆನ್ನಾಗಿ.

ಯಜಮಾನರು ಅದನ್ನು ನೋಡದೆ ಒಳಗೆ ತಳ್ಳಿದರು. ಪೆಟ್ಟಿಗೆ ಗರಗರ ಎಂದಿತು, ಕೊರಕೊರ ಎಂದಿತು, ಆಮೇಲೆ ತನಗೇನೂ ಕಾಣುತ್ತಿಲ್ಲ ಎಂದು ತೆರೆಯ ಮೇಲೆ ಬರೆಯಿತು. ಹೊರಗೆ ತೆಗೆದು ತಿರುಗಿಸಿ ನೋಡಿದರೆ, ಮಿರಿಮಿರಿ ಹೊಳೆಯುವ ಕಡೆ ನಡುಮಧ್ಯೆ ಕಾಸಗಲ ಕುಂಕುಮ!

“ಅಮ್ಮಾ! ಇಡೋದೇ ಆದ್ರೆ ಈ ಕಡೆ ಇಡಬಾರದಾ? ಅದು ಓದೋದೇ ಈ ಕಡೆಯಿಂದ!”

“ಅಕ್ಷರ ಬರ್ದಿರೋದು ಬೆನ್ನು ಕಣ್ಲಾ. ಕನ್ನಡಿ ಹಂಗೆ ಹೊಳಿಯೋ ಕಡೆ ತಾನೇ ಮಕ? ಮಕಕ್ಕಲ್ದೆ ಬೆನ್ನಿಗೆ ಇಕ್ತಾರಾ ಕುಂಕ್ಮವ?”

ಯಜಮಾನರು ಒರೆಸಲು ಬಟ್ಟೆ ತೆಗೆದರೆ ಅತ್ತೆ, “ಇಟ್ಟ ಕುಂಕ್ಮ ಅಳಿಸ್ತೀಯೇನ್ಲಾ, ಸಂಜೆ ಹೊತ್ನಾಗೆ!” ಎಂದು ಕೈ ಅಡ್ಡ ಹಿಡಿದರು. ಕೊನೆಗೆ ನಾನೇ ನಡುವೆ ಬಂದು, ಕುಂಕುಮವನ್ನು ಒದ್ದೆ ಬಟ್ಟೆಯಿಂದ ಮೆಲ್ಲಗೆ ತೆಗೆದು ಅದನ್ನೇ ಡಬ್ಬಿಯ ಮುಚ್ಚಳಕ್ಕೆ ಹಚ್ಚಿದೆ. ಕುಂಕುಮ ಅಳಿಸಲಿಲ್ಲ, ಜಾಗ ಬದಲಾಯಿಸಿತು ಅಷ್ಟೇ. ಇಬ್ಬರೂ ಒಪ್ಪಿದರು.

ಆಮೇಲೆ ತೆರೆಯ ಮೇಲೆ ನೀಲಿ ಪಟ್ಟಿಯೊಂದು ಇರುವೆಯ ಹಾಗೆ ಹರಿಯತೊಡಗಿತು. ಮುಕ್ಕಾಲು ಹರಿಯಿತು, ಕರೆಂಟು ಹೋಯಿತು.

“ಭಾನುವಾರ ಸಂಜೆ ರಾಹುಕಾಲ, ಮುಗೀಲಿ ಅಂದೆ. ಯಾರು ಕೇಳ್ತಾರೆ ಮುದುಕಿ ಮಾತ,” ಎಂದರು ಅತ್ತೆ ಕತ್ತಲಲ್ಲಿ.

ನಾನು ದೇವರ ದೀಪ ಹಚ್ಚಿದೆ. ಹಚ್ಚಿ ಕೈ ಮುಗಿದು ತಿರುಗುವಾಗ ಕರೆಂಟು ಬಂತು. ಯಜಮಾನರು ನನ್ನ ಮುಖವನ್ನೂ ಅವರಮ್ಮನ ಮುಖವನ್ನೂ ನೋಡಿ, ಮತ್ತೆ ಮೊದಲಿಂದ ಶುರು ಮಾಡಿದರು. ಈ ಸಲ ನೀಲಿ ಪಟ್ಟಿ ತುದಿ ಮುಟ್ಟಿತು.

ಆ ಸಾಫ್ಟ್‌ವೇರಿಗೆ ತನ್ನದೇ ಚಟಗಳಿದ್ದವು. ಪಾತ್ರದ ಹೆಸರು ಎಂದು ತಿಳಿದ ಕೂಡಲೇ ಅದನ್ನು ಇಂಗ್ಲಿಷಿನ ದೊಡ್ಡಕ್ಷರ ಮಾಡಿಬಿಡುತ್ತಿತ್ತು. ನಮ್ಮ ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಎಲ್ಲಿಂದ ಬರಬೇಕು? ‘ರಾಜ’ ಎಂದು ಹೊಡೆದರೆ ತೆರೆಯ ಮೇಲೆ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗಿ ಬೀಳುತ್ತಿದ್ದವು, ಡಬ್ಬಿ ಉರುಳಿ ಸಾಸಿವೆ ಚೆಲ್ಲಿದ ಹಾಗೆ. ಕೊನೆಗೆ ಹೆಸರುಗಳನ್ನು ಇಂಗ್ಲಿಷಿನಲ್ಲೇ ಬಿಟ್ಟು ಮಾತುಗಳನ್ನು ಕನ್ನಡದಲ್ಲಿ ಹೊಡೆದರು. ಆ ವರ್ಷ ಅವರು ಕಾಗದದ ಮೇಲೆ ಬರೆಯಲೇ ಇಲ್ಲ. ‘ಇನ್ನು ಪೆನ್ನು ಯಾಕೆ’ ಎಂದು ನೇರ ತೆರೆಯ ಮೇಲೆಯೇ ನಾಟಕ ಬೆಳೆಯಿತು.

ಒಂದು ಸಂಜೆ ಅವರು ಕೂಗಿದರು, “ಬಾರೇ ಇಲ್ಲಿ, ನಿನ್ನ ಕೈಗೆ ರಜಾ!”

ನೋಡಿದರೆ, ಯಾವ ಪಾತ್ರ ಎಂದು ಹೇಳಿ ಒಂದು ಗುಂಡಿ ಒತ್ತಿದರೆ ಸಾಕು, ಆ ಪಾತ್ರದ ಮಾತುಗಳನ್ನೆಲ್ಲ ಅದೇ ಹೆಕ್ಕಿ ಬೇರೆ ಹಾಳೆಯಲ್ಲಿ ಅಚ್ಚು ಮಾಡುತ್ತದೆ. ರಾಜನದು ಬೇರೆ, ರಾಣಿಯದು ಬೇರೆ, ಅಜ್ಜಿಯದು ಬೇರೆ. ಪ್ರಿಂಟರು ಕಿರ್ರೋ ಎಂದು ಹಾಳೆ ಉಗುಳುತ್ತಿದ್ದರೆ ನಾನು ನನ್ನ ಮಣಿಕಟ್ಟು ಸವರಿಕೊಂಡು ಮನಸ್ಸಿನಲ್ಲೇ ಚೆನ್ನಕೇಶವನಿಗೆ ಕೈ ಮುಗಿದೆ. ಮಾರನೆಯ ದಿನ ಅದೇ ಕೈಯಿಂದ ಒಬ್ಬಟ್ಟು ಲಟ್ಟಿಸಿದೆ. ಅಷ್ಟು ತೆಳುವಾದ ಒಬ್ಬಟ್ಟು ನಾನು ನಾಟಕದ ತಿಂಗಳಲ್ಲಿ ಹಿಂದೆಂದೂ ಲಟ್ಟಿಸಿದ್ದಿಲ್ಲ. ಇಡೀ ನಾಟಕವನ್ನು ಆಮೇಲೆ ಪ್ರಿಂಟರಿಗೆ ಹೊಸ ರಿಬ್ಬನ್ ಹಾಕಿ, ಕೇಬಲ್ಲಿನವನಿಗೆ ಕೊಡುವಾಗ ಅಚ್ಚು ಹಾಕಿದರಾಯಿತು ಎಂದು ಯಜಮಾನರು ಅಂದುಕೊಂಡರು.

ಅತ್ತೆಗೆ ಓದು ಅಷ್ಟಕ್ಕಷ್ಟೆ, ಕಣ್ಣಿನ ಆಪರೇಷನ್ನೂ ಒಂದು ಕಡೆಯದಷ್ಟೇ ಆಗಿತ್ತು. ನಾನು ಸೊಪ್ಪು ಬಿಡಿಸುತ್ತ ಅವರ ಹಾಳೆ ಓದುತ್ತಿದ್ದೆ, ಅವರು ಹಿಂದೆಯೇ ಹೇಳುತ್ತಿದ್ದರು. ಹಾಡಿನ ಹಾಗೆ ಕಲಿತರು, ಒಂದರ ಬಾಲಕ್ಕೆ ಒಂದು ಕಟ್ಟಿ. ಸ್ನಾನದ ಮನೆಯಿಂದಲೂ ಅಜ್ಜಿಯ ಮಾತು ಕೇಳಿಸುತ್ತಿತ್ತು. “ಒಂದಕ್ಷರ ಬುಡಾಕಿಲ್ಲ ನೋಡ್ತಿರು,” ಎನ್ನುತ್ತಿದ್ದರು.

ರಿಹರ್ಸಲ್ಲು ನಮ್ಮ ಜಗಲಿಯಲ್ಲಿ, ಮಧ್ಯಾಹ್ನ. ರಾಜನ ಪಾತ್ರ ಮಾಡಿದವರು ಬಸದಿ ಬೀದಿಯ ಜೈನರ ಮನೆಯ ನನ್ನ ಗೆಳತಿ. ಎತ್ತರದ ಹೆಂಗಸು, ಗಂಟಲೂ ಗಟ್ಟಿ. ಅವರು ಹೊತ್ತು ಮುಳುಗುವುದರೊಳಗೆ ಊಟ ಮುಗಿಸಬೇಕು. ಅವರ ವ್ರತದಿಂದ ನಮಗೂ ಒಳ್ಳೆಯದೇ ಆಯಿತು, ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಅವರವರ ಮನೆಯಲ್ಲಿ.

ಅಚ್ಚಾದ ಹಾಳೆ ಹಿಡಿದು ಎಲ್ಲರೂ ಸೇರಿದ ಮೊದಲ ದಿನ ಮೇಡಂ ಚಪ್ಪಾಳೆ ತಟ್ಟಿ, “ಶುರು ಮಾಡಿ,” ಎಂದರು.

ರಾಜ ಒಂದು ಮಾತು ಹೇಳಿದರು. ಆಮೇಲೆ ಸದ್ದಿಲ್ಲ. ಮಂತ್ರಿ ರಾಣಿಯ ಮುಖ ನೋಡಿದಳು, ರಾಣಿ ಶಿಲ್ಪಿಯ ಮುಖ ನೋಡಿದಳು.

“ನಿಂದಲ್ವೇನೇ?”

“ನಂಗೇನ್ ಗೊತ್ತು? ನಂದು ‘ಹೌದು ಪ್ರಭು’ ಅಂತ ಇದೆ. ಯಾವುದಕ್ಕೆ ಹೌದು?”

“ಯಾವುದಕ್ಕಾದ್ರೂ ಹೌದು ಅನ್ನೇ, ಗಂಡನ ಹತ್ರ ಅನ್ನಲ್ವಾ!”

ನಗು. ರಾಣಿ ‘ಹೌದು ಪ್ರಭು’ ಎಂದಳು. ಅದು ಮೂರನೆಯ ದೃಶ್ಯದ ಮಾತು. ರಾಜ ತಮ್ಮ ಹಾಳೆಯ ಎರಡನೆಯ ಮಾತು ಹೇಳಿದರು. ಅದಕ್ಕೆ ಸಂಬಂಧವೇ ಇಲ್ಲದೆ ಶಿಲ್ಪಿ ‘ಕಲ್ಲು ಸಿಕ್ಕಿತು’ ಎಂದಳು. ಮತ್ತೆ ಎಲ್ಲರೂ ಸುಮ್ಮನಾದರು. ಅದನ್ನು ನೋಡಿ ಅತ್ತೆ, ತಮ್ಮದೇ ಸರದಿ ಇರಬೇಕೆಂದು ಎದ್ದು ನಿಂತರು. ನಿಂತವರು ಮೊದಲ ಮಾತಿನಿಂದ ಹಿಡಿದು ಕೊನೆಯ ದೃಶ್ಯದ ದೊಡ್ಡ ಮಾತಿನವರೆಗೆ ಒಂದೇ ಉಸಿರಿಗೆ, ಒಂದಕ್ಷರ ಬಿಡದೆ ಹೇಳಿ ಮುಗಿಸಿಯೇಬಿಟ್ಟರು. ಕೊಳ ಕಟ್ಟುವ ಮೊದಲೇ ನಾಟಕ ಮುಗಿಯಿತು.

ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ಮೇಡಂ ನಗಲಿಲ್ಲ. ಅವರು ಮೆಲ್ಲಗೆ, ಬೇಸರವಿಲ್ಲದೆಯೇ ಅಂದರು: “ನಾನು ಹೇಳಿರಲಿಲ್ವಾ? ಅಮ್ಮನ ಕೈಲಿ ಆಗಲ್ಲ. ಬರೋ ಭಾನುವಾರದ ತನಕ ನೋಡ್ತೀನಿ. ಆಮೇಲೆ ಬಿಂದಿಗೆ.”

ಅತ್ತೆ ಅಂದು ರಾತ್ರಿಯ ಮುದ್ದೆ ಮುರಿಯಲಿಲ್ಲ. “ಹಸಿವಿಲ್ಲ,” ಎಂದರು. ಮಾರನೆಯ ದಿನ ನಾನು ಸೊಪ್ಪು ಹಿಡಿದು ಕೂತು, “ಓದ್ಲಾ ಅತ್ತೆ?” ಎಂದರೆ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿದರು.

“ನಂಗೆ ಮಾತು ಬತ್ತದೆ ಕಣೇ. ಆದ್ರೆ ಯಾವಾಗ ಅಂತ ಯಾರು ಹೇಳ್ತಾರೆ? ನಮ್ಮಣ್ಣನ ಹಾಳೇಲಿ ಇರ್ತಿತ್ತು, ನಿನ್ನ ಹಾಳೇಲೂ ಇರ್ತಿತ್ತು, ಸಣ್ಣಕ್ಕೆ, ಗೆರೆ ಎಳ್ದು. ಇದ್ರಾಗೆ ನನ್ನ ಕರಿಯೋರೇ ಇಲ್ವಲ್ಲೇ.”

ನನ್ನ ಕೈಯ ಸೊಪ್ಪು ಹಾಗೇ ನಿಂತಿತು. ಕರೆ! ಯಂತ್ರ ಎಲ್ಲರ ಮಾತನ್ನೂ ಚೊಕ್ಕವಾಗಿ ಬಿಡಿಸಿತ್ತು, ಕರೆಯನ್ನು ಮಾತ್ರ ಬಿಟ್ಟಿತ್ತು. ಅದಕ್ಕೆ ಪಾಪ, ನಮ್ಮ ಪದ್ಧತಿ ಯಾರು ಹೇಳಿದ್ದರು? ನಾನು ಕೈಗೆ ರಜಾ ಸಿಕ್ಕಿತೆಂದು ಒಬ್ಬಟ್ಟು ಲಟ್ಟಿಸುತ್ತ ಕೂತಿದ್ದೆ, ಯಜಮಾನರು ಗುಂಡಿ ಒತ್ತುತ್ತ ಕೂತಿದ್ದರು.

ಸಂಜೆ ಅವರು ಬಸ್ಸಿಳಿದು ಬರುವುದನ್ನೇ ಕಾದು ಹೇಳಿದೆ. “ಅಷ್ಟೇ ತಾನೇ! ಪೂರ್ತಿ ನಾಟಕ ಅಚ್ಚು ಹಾಕ್ತೀನಿ, ನೀನು ನೋಡ್ಕೊಂಡು ಕರೆ ಸೇರಿಸು,” ಎಂದು ಮುಸುಕು ತೆಗೆದು ಕೂತರು. ಸಾಫ್ಟ್‌ವೇರು ತೆರೆಯುವುದಿಲ್ಲ. ತಿಂಗಳು ಮುಗಿದಿದೆ, ಕೊಂಡುಕೊಳ್ಳಿ ಎಂದು ಇಂಗ್ಲಿಷಿನಲ್ಲಿ ಮರ್ಯಾದೆಯಿಂದ ಬರೆದು, ‘ಸರಿ’ ಎಂಬ ಒಂದೇ ಗುಂಡಿ ಕೊಟ್ಟಿದೆ. ಒತ್ತಿದರೆ ಮುಚ್ಚಿಕೊಳ್ಳುತ್ತದೆ. ನಾಟಕವೆಲ್ಲ ಅದರ ಹೊಟ್ಟೆಯಲ್ಲಿ. ಬೇರೆ ಯಾವುದರಲ್ಲಿ ತೆರೆದರೂ ಚೌಕ, ಬಾಣ, ಪ್ರಶ್ನೆ ಚಿಹ್ನೆ.

ಯಜಮಾನರು ಆಗ ಒಂದು ಉಪಾಯ ಹೂಡಿದರು. “ತೆಗೆದುಹಾಕಿ ಮತ್ತೆ ಹಾಕಿದ್ರೆ ಹೊಸದು ಅಂದ್ಕೊಂಡು ಇನ್ನೊಂದು ತಿಂಗಳು ಕೊಡತ್ತೆ.”

“ನೆಂಟನ್ನ ಹಿತ್ತಲ ಬಾಗ್ಲಿಂದ ಕಳಿಸಿ, ಮುಂದ್ಲ ಬಾಗ್ಲಲ್ಲಿ ಈಗ್ ಬಂದ್ರಾ ಅಂತ ಕೇಳ್ದಂಗೆ,” ಎಂದರು ಅತ್ತೆ. ಅಂದು ಮಂಗಳವಾರ. ಮಂಗಳವಾರ ಶುಕ್ರವಾರ ನಮ್ಮ ಮನೆಯಿಂದ ಏನನ್ನೂ ಹೊರಗೆ ಹಾಕುವುದಿಲ್ಲ. ಹಾಗೆಂದು ಬುಧವಾರದವರೆಗೆ ಕಾದೆವು.

ಬುಧವಾರ ತೆಗೆಯಲು ಹೊರಟರೆ ಕಂಪ್ಯೂಟರು ಏನೋ ಕೇಳಿತು.

“ಏನಂತೆ?” ಎಂದರು ಅತ್ತೆ.

“ನಿಜವಾಗ್ಲೂ ಕಳಿಸ್ತೀರಾ ಅಂತ ಕೇಳ್ತಿದೆ.”

“ಒಂದು ಮಾತು ಕೇಳ್ತಲ್ಲ, ಒಳ್ಳೇ ಮನೆತನದ್ದು.”

ತೆಗೆದರು. ಮತ್ತೆ ಸಿ.ಡಿ. ಇಟ್ಟು, ಈ ಸಲ ರಾಹುಕಾಲ ನೋಡಿಯೇ, ಹಾಕಿದರು. ನೀಲಿ ಪಟ್ಟಿ ಹರಿಯಿತು. ತೆರೆದರೆ, ಅದೇ ಮಾತು. ತಿಂಗಳು ಮುಗಿದಿದೆ! ಎಲ್ಲಿ ನೆನಪಿಟ್ಟುಕೊಂಡಿತ್ತೋ. ಯಜಮಾನರು ತಲೆಯ ಮೇಲೆ ಕೈ ಹೊತ್ತು ಕೂತರು. ಕೊಳ್ಳುವುದು ನಮ್ಮ ಕೈಗೆ ಎಟುಕುವಂಥದ್ದಲ್ಲ. “ನಾಟಕವೇ ಹೋಯ್ತು,” ಎಂದರು, ಮಗುವಿನ ಹಾಗೆ. ಒಂದು ತಿಂಗಳ ಅವರ ಸಂಜೆಗಳೆಲ್ಲ ಅದರೊಳಗಿದ್ದವು. ಅತ್ತೆ ಮಗನ ಬೆನ್ನು ನೋಡುತ್ತ ನಿಂತಿದ್ದರು. ಭಾನುವಾರ ಹತ್ತಿರ ಬರುತ್ತಿತ್ತು.

ನನಗೆ ಆ ಹೊತ್ತಿನಲ್ಲಿ ದೇವರು ಒಂದು ಸಣ್ಣ ಬುದ್ಧಿ ಕೊಟ್ಟ. “ನಾಟಕ ಎಲ್ಲಿ ಹೋಗಿದೆ ರೀ? ಮನೆಮನೆಯಲ್ಲಿ ಒಂದೊಂದು ತುಂಡು ಇದೆ. ಎಲ್ಲರನ್ನೂ ಕೂಡಿಸಿದರೆ ಆಯ್ತಲ್ಲ.”

ಶನಿವಾರ ಮಧ್ಯಾಹ್ನ ಎಲ್ಲರನ್ನೂ ಹಾಳೆ ಸಮೇತ ಕರೆದೆ. ಯಜಮಾನರು ಅರ್ಧ ದಿನ ರಜಾ ಹಾಕಿ ಬಂದರು. ಜಗಲಿಯಲ್ಲಿ ಚಾಪೆ, ನಡುವೆ ಚುರುಮುರಿಯ ದೊಡ್ಡ ತಟ್ಟೆ. ನಾನು ಪೆನ್ನು ಹಿಡಿದು ಕೂತೆ. ಯಜಮಾನರು ಕಣ್ಣು ಮುಚ್ಚಿಕೊಂಡು ನೆನೆಯುವುದು, “ರಾಜ ಹೀಗಂದ... ಅದಕ್ಕೆ ಮಂತ್ರಿ ಏನೋ ಅಡ್ಡ ಮಾತು ಆಡ್ತಾನೆ, ಯಾರ ಹತ್ರ ಇದೆ?” ಎನ್ನುವುದು, “ನನ್ ಹತ್ರ, ನನ್ ಹತ್ರ!” ಎಂದು ಮಂತ್ರಿ ಕೈ ಎತ್ತುವುದು. ‘ಹೌದು ಪ್ರಭು’ ಯಾವುದಕ್ಕೆ ಹೌದು ಎಂದು ಕೊನೆಗೂ ಪತ್ತೆಯಾಯಿತು. ರಾಜ ಇನ್ನೊಂದು ಮದುವೆಯ ಮಾತೆತ್ತಿದ್ದಕ್ಕೆ.

“ಅಯ್ಯೋ, ಅದಕ್ಕೆ ಹೌದು ಅಂದ್ನಾ ನಾನು! ನಾನನ್ನಲ್ಲಪ್ಪ,” ಎಂದು ರಾಣಿ ಹಟ ಹಿಡಿದಳು. ಯಜಮಾನರು ಅಲ್ಲೇ ಅದನ್ನು ‘ಖಂಡಿತ ಇಲ್ಲ ಪ್ರಭು’ ಎಂದು ತಿದ್ದಿದರು. ಎಲ್ಲರಿಗೂ ಎಲ್ಲರ ಮಾತೂ ಅಂದೇ ತಿಳಿಯಿತು. ಅಲ್ಲಿಯವರೆಗೆ ಯಾರಿಗೂ ಪೂರ್ತಿ ಕಥೆಯೇ ಗೊತ್ತಿರಲಿಲ್ಲವಲ್ಲ!

ಅತ್ತೆ ಗೋಡೆಗೊರಗಿ ಕೂತು ಕೇಳುತ್ತಿದ್ದರು. ಪ್ರತಿ ಸಲ ಅವರ ಸರದಿಗೆ ಮೊದಲು ನಾನು ಪೆನ್ನು ಎತ್ತಿ ಬೇರೆಯವರ ಕೊನೆಯ ಪದಗಳನ್ನು ಜೋರಾಗಿ ಹೇಳಿ ಬರೆಯುತ್ತಿದ್ದೆ. ಅವರು ತುಟಿಯಲ್ಲೇ ಅದನ್ನು ಹೇಳಿಕೊಂಡು, ಆಮೇಲೆ ತಮ್ಮ ಮಾತು ಹೇಳುತ್ತಿದ್ದರು. ಕೊನೆಯ ದೃಶ್ಯ ಬಂತು. ರಾಜ, “ನೀನೂ ಒಂದು ಮಾತು ಹೇಳು ತಾಯಿ,” ಎಂದರು. ಅತ್ತೆ ಕೂತಲ್ಲಿಂದಲೇ ಶುರು ಮಾಡಿದರು. ಚುರುಮುರಿ ಅಗಿಯುವ ಸದ್ದು ನಿಂತಿತು.

ಮಾರನೆಯ ದಿನ ಮೇಡಂ ಮುಂದೆ ಇಡೀ ನಾಟಕ ಒಂದು ತಡೆಯೂ ಇಲ್ಲದೆ ಓಡಿತು. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಹಾಕಿಕೊಂಡು, “ಬಿಂದಿಗೆ ಹೊರೋಕೆ ಬೇರೆ ಯಾರನ್ನಾದ್ರೂ ನೋಡಬೇಕು,” ಎಂದರು. ಅತ್ತೆ ಆ ರಾತ್ರಿ ಎರಡು ಮುದ್ದೆ ಉಂಡರು.

ರಾಜ್ಯೋತ್ಸವದ ದಿನ ನಾಟಕ ಸ್ಕೂಲಿನ ಮೈದಾನದಲ್ಲಿ, ಬಿಸಿಲಿರುವಾಗಲೇ. ಕ್ಯಾಮರಾಕ್ಕೆ ಬೆಳಕು ಬೇಕಿತ್ತು, ರಾಜನಿಗೆ ಊಟದ ಹೊತ್ತು ಮೀರುವಂತಿರಲಿಲ್ಲ. ಅತ್ತೆಗೆ ಬಣ್ಣ ಹಚ್ಚುವಾಗ ಕನ್ನಡಿ ಹಿಡಿದು ನಿಂತವಳು ನಾನು. ಅವರು ಕನ್ನಡಿ ನೋಡುವ ಬದಲು ನನ್ನ ಕೈಯನ್ನೇ ನೋಡುತ್ತಿದ್ದರು. “ಅಲ್ಲಾಡಿಸ್ಬ್ಯಾಡ ಕಣೇ, ಕೈ ನೋಯ್ತದೆ ಅಂತ ಗೊತ್ತು ನಂಗೆ,” ಎಂದರು.

ಎಲ್ಲ ಚೆನ್ನಾಗಿಯೇ ನಡೆಯಿತು, ಕೊನೆಯ ದೃಶ್ಯದವರೆಗೆ. ರಾಜನ ಮೀಸೆ ಬೆವರಿಗೆ ಒಂದು ಕಡೆ ಸಡಿಲಾಗಿತ್ತು. ಅವರು ಒಂದು ಕೈಯಲ್ಲಿ ಮೀಸೆ ಒತ್ತಿ ಹಿಡಿದು ಮಾತಾಡುತ್ತ ಮಾತಾಡುತ್ತ, ಅತ್ತೆಯನ್ನು ಕರೆಯಬೇಕಾದ ಆ ಒಂದು ಮಾತನ್ನೇ ಮರೆತರು. ಮೀಸೆ ಹಿಡಿದುಕೊಂಡು ಜನರನ್ನೇ ನೋಡುತ್ತ ನಿಂತರು. ಅತ್ತೆ ಅವರ ಬಾಯನ್ನೇ ನೋಡುತ್ತ ನಿಂತರು. ಕರೆ ಬರುವವರೆಗೆ ಬಾಯಿ ತೆಗೆಯಬಾರದೆಂದು ಅಷ್ಟು ದಿನ ನಾನೇ ಕಲಿಸಿದ್ದೆ. ಪಕ್ಕದ ಪರದೆಯ ಹಿಂದೆ ಮೇಡಂ ಸೆರಗಿನ ತುದಿ ಕಚ್ಚಿಕೊಂಡಿದ್ದರು. ನಾನು ‘ಚೆನ್ನಕೇಶವಾ, ಚೆನ್ನಕೇಶವಾ’ ಎನ್ನುತ್ತಿದ್ದೆ, ಬೇರೇನೂ ತೋಚದೆ. ಎಷ್ಟು ಹೊತ್ತಾಯಿತೋ, ನನಗಂತೂ ಒಂದು ಸೇರು ಅಕ್ಕಿ ಬೇಯುವಷ್ಟು ಹೊತ್ತು ಅನ್ನಿಸಿತು.

ಆಗ ಅತ್ತೆ ಸೊಂಟದ ಮೇಲೆ ಕೈಯಿಟ್ಟರು.

“ಏನಪ್ಪಾ ಮಹಾರಾಜ, ಊರೋರ್ನೆಲ್ಲ ಕರ್ದು ಕರ್ದು ಕೇಳ್ದೆ. ನನ್ನೊಬ್ಳನ್ನ ಕರಿಯಾಕೆ ಮೀಸೆ ಅಡ್ಡ ಬಂತಾ?”

ಮೈದಾನವೇ ಹಾರಿಹೋಗುವ ಹಾಗೆ ಜನ ನಕ್ಕರು. ಚಪ್ಪಾಳೆ, ಶಿಳ್ಳೆ. ಯಾರಿಗೂ ಅದು ನಾಟಕದಲ್ಲಿ ಇಲ್ಲದ ಮಾತೆಂದು ತಿಳಿಯಲಿಲ್ಲ. ರಾಜನೂ ನಕ್ಕು, ಮೀಸೆಯನ್ನು ಕಿತ್ತು ಕೈಯಲ್ಲಿ ಹಿಡಿದು, “ತಪ್ಪಾಯ್ತು, ಹೇಳು ತಾಯಿ,” ಎಂದರು. ನಗು ಅಡಗುವವರೆಗೆ ಅತ್ತೆ ಕಾದರು. ಆಮೇಲೆ ಹೇಳಿದರು: ಕೊಳಕ್ಕೆ ಚಿನ್ನದ ಕಳಶ ಬೇಡ, ಶಿಲ್ಪ ಬೇಡ, ಕೊನೆಯ ಮೆಟ್ಟಿಲನ್ನು ಅಗಲ ಮಾಡಿಸು, ನನ್ನಂಥ ಮುದುಕಿ ಬಂದು ಕೂತು ಕೈ ಚಾಚಿದರೆ ನೀರು ಸಿಕ್ಕಬೇಕು, ಬಿಂದಿಗೆ ಹೊರುವವಳಿಗೆ ಒಂದು ಗಳಿಗೆ ಇಳಿಸಲು ಜಾಗ ಬೇಕು. ಇನ್ನೂ ಉದ್ದವಿತ್ತು. ಒಂದಕ್ಷರ ಬಿಡಲಿಲ್ಲ. ಮುಗಿದಾಗ ಚಪ್ಪಾಳೆ ಇಡೀ ಮೈದಾನದಿಂದ ಒಮ್ಮೆಗೇ ಬಂತು. ಯಜಮಾನರು ಗಂಡಸರ ಸಾಲಿನಲ್ಲಿ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದುದನ್ನು ನಾನು ಕಂಡೂ ಕಾಣದವಳ ಹಾಗೆ ಇದ್ದೆ.

ಕೇಬಲ್ಲಿನಲ್ಲಿ ತೋರಿಸಿದ ದಿನ ಬೀದಿಯ ಹೆಂಗಸರೆಲ್ಲ ನಮ್ಮ ಹಾಲಿನಲ್ಲಿ. ಅತ್ತೆ ತಮ್ಮನ್ನು ತಾವು ನೋಡಿ, “ಥೂ, ಎಷ್ಟು ಸುಕ್ಕಾಗೈತೆ ಮಕ,” ಎಂದರು. ಆಮೇಲೆ, “ಇನ್ನೊಂದ್ಸಲ ಹಾಕ್ತಾರೇನ್ಲಾ?” ಎಂದರು.

ಅದಾದ ಮೇಲೆ ಒಂದು ಗುರುವಾರ ಯಜಮಾನರು ಆ ಸಾಫ್ಟ್‌ವೇರನ್ನು ಎರಡನೆಯ ಸಲ, ಪೂರ್ತಿಯಾಗಿ, ತೆಗೆದರು. ನಿಜವಾಗ್ಲೂ ಕಳಿಸ್ತೀರಾ ಎಂದು ಅದು ಮತ್ತೆ ಕೇಳಿತು. ಅತ್ತೆ, “ಹೋಗ್ಬುಟ್ಟು ಬಾರಪ್ಪ ಅನ್ನು,” ಎಂದರು. ಹೋಯಿತು, ಆದರೆ ತೆರೆಯ ಮೂಲೆಯಲ್ಲಿ ಅದರ ಪುಟ್ಟ ಚಿತ್ರವೊಂದು ಉಳಿದೇ ಉಳಿಯಿತು. ಒತ್ತಿದರೆ ಏನೂ ಸಿಗಲಿಲ್ಲ ಎನ್ನುತ್ತಿತ್ತು. ಯಜಮಾನರು ಅಳಿಸಲು ಹೊರಟರೆ ಅತ್ತೆ ಬಿಡಲಿಲ್ಲ. ಮುಂದಿನ ಆಯುಧ ಪೂಜೆಗೆ ಕಂಪ್ಯೂಟರಿಗೆ ಕುಂಕುಮ ಇಡುವಾಗ ಅವರು ಸರಿಯಾಗಿ ಆ ಚಿತ್ರದ ಮೇಲೆಯೇ ಇಟ್ಟರು, ಗಾಜಿನ ಮೇಲೆ. ಈ ಸಲ ಯಾರೂ ಬೇಡ ಎನ್ನಲಿಲ್ಲ.

ಮರುವರ್ಷ ಬೇಲೂರಿನ ಹೆಂಗಸರು ಅದೇ ನಾಟಕ ಆಡುತ್ತೇವೆಂದು ಕೇಳಿ ಬಂದರು. ನಾನು ಜಗಲಿಯಲ್ಲಿ ಕೂತು ಮತ್ತೆ ಪ್ರತಿ ಮಾಡಿದೆ, ಬಲಗೈಗೆ ಎಣ್ಣೆ ಸವರಿಕೊಂಡು. ಅಜ್ಜಿಯ ಕೊನೆಯ ಮಾತಿಗೆ ಬಂದಾಗ ಹಳೆಯ ಕರೆಯನ್ನು ಬಿಟ್ಟು, ಸಣ್ಣ ಅಕ್ಷರದಲ್ಲಿ ‘ರಾಜ ಮೀಸೆ ಹಿಡಿದು ಸುಮ್ಮನೆ ನಿಲ್ಲುವನು’ ಎಂದು ಬರೆದು, ಕೆಳಗೆ ಗೆರೆ ಎಳೆದೆ.

ಪಕ್ಕದಲ್ಲಿ ಹೂಬತ್ತಿ ಹೊಸೆಯುತ್ತಿದ್ದ ಅತ್ತೆ, “ಇನ್ನಷ್ಟು ದಪ್ಪಕ್ಕೆ ಎಳಿಯೇ ಗೆರೆಯ. ಆ ಮುದುಕಿಗೂ ಕಣ್ಣು ಕಾಣ್ದೇ ಇದ್ರೆ?” ಎಂದರು. ಎಳೆದೆ.